ಎರಡು ಟ್ರಾನ್ಸಿಸ್ಟರ್‌ನ ಫಜ್ ಪೆಡಲ್: ಮೊದಲು ಮಲ್ಟಿಮೀಟರ್, ಆಮೇಲೆ ಗಿಟಾರ್

1966ರಲ್ಲಿ ಲಂಡನ್‌ನ ಆರ್ಬಿಟರ್ ಕಂಪನಿ ತಂದ, ಗಿಟಾರ್ ದನಿಯನ್ನು ಒರಟಾಗಿಸುವ ಫಜ್ ಫೇಸ್ ಪೆಡಲ್‌ನ ಹೊಟ್ಟೆಯಲ್ಲಿದ್ದದ್ದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್). ಇಷ್ಟೇ. ಮನೆಯಲ್ಲಿ ಕಟ್ಟಲು ಇದಕ್ಕಿಂತ ಚಿಕ್ಕ ಸರ್ಕ್ಯೂಟ್ ಹುಡುಕಬೇಕಿಲ್ಲ. ಆದರೆ ಕಟ್ಟಿದ ಬಹುಪಾಲು ಪೆಡಲ್‌ಗಳು ಸಪ್ಪೆಯಾಗುವುದು ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ನಿಲ್ಲುವ ವೋಲ್ಟೇಜ್, ಅಳೆಯದ ಕಾರಣಕ್ಕೆ.

ಮೊದಲ ಪೆಡಲ್‌ಗಳಲ್ಲಿದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ಅದಕ್ಕೆ ಸೆಖೆ ಆಗದು: ಬಿಸಿ ಏರಿದಂತೆ ಒಳಗಿನ ಸೋರಿಕೆ ಹೆಚ್ಚಿ ಬಯಾಸ್ ಜಾರುತ್ತದೆ. ಬೆಳಗ್ಗೆ ಸರಿಯಿದ್ದ ಪೆಡಲ್ ಏಪ್ರಿಲ್ ಮಧ್ಯಾಹ್ನ ಬೇರೆಯೇ ದನಿ ತೆಗೆಯುತ್ತದೆ. ಹಾಗಾಗಿ ಸಿಲಿಕಾನ್ ಸಾಕು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಬಿಸಿ547ಬಿ ಟ್ರಾನ್ಸಿಸ್ಟರ್ ನಾಲ್ಕೈದು ತಂದು ಮಲ್ಟಿಮೀಟರ್‌ನಲ್ಲಿ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ) ನೋಡಿ, ಕಡಿಮೆಯದನ್ನು ಮೊದಲ ಸ್ಥಾನಕ್ಕೆ, ಹೆಚ್ಚಿನದನ್ನು ಎರಡನೆಯದಕ್ಕೆ ಹಾಕಿ. ಚಪ್ಪಟೆ ಮುಖ ನಿಮ್ಮತ್ತ ಇದ್ದರೆ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಎಂಬ ಇನ್ನೊಂದು ಟ್ರಾನ್ಸಿಸ್ಟರ್‌ನಲ್ಲಿ ಇದು ಪೂರ್ತಿ ಉಲ್ಟಾ.

ಇನ್‌ಪುಟ್‌ನಿಂದ 2.2 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಮೊದಲನೆಯದರ ಬೇಸ್‌ಗೆ. ಕೆಪಾಸಿಟರ್‌ನ ಪ್ಲಸ್ ಬೇಸ್ ಕಡೆ ಇರಲಿ. ಅದರ ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್‌ನಿಂದ 33ಕೆ (33 ಕಿಲೋಓಮ್) ರೆಸಿಸ್ಟರ್ ಬ್ಯಾಟರಿಯ 9 ವೋಲ್ಟ್‌ಗೆ. ಅದೇ ಕಲೆಕ್ಟರ್ ನೇರವಾಗಿ ಎರಡನೆಯದರ ಬೇಸ್‌ಗೆ. ಎರಡನೆಯದರ ಎಮಿಟರ್‌ನಿಂದ 100ಕೆ ಹಿಂದಕ್ಕೆ ಮೊದಲ ಬೇಸ್‌ಗೆ, ಜೊತೆಗೆ 1ಕೆ ಲೀನಿಯರ್ ಪಾಟ್ ಗ್ರೌಂಡ್‌ಗೆ. ಪಾಟ್‌ನ ನಡುಗಾಲಿನಿಂದ 22 ಮೈಕ್ರೋಫ್ಯಾರಡ್ ಗ್ರೌಂಡ್‌ಗೆ. ಇದು ಫಜ್ ಗುಂಡಿ. ಎರಡನೆಯ ಕಲೆಕ್ಟರ್‌ನಿಂದ 10ಕೆ ಟ್ರಿಮ್‌ಪಾಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಪಾಟ್; ಮೂಲದಲ್ಲಿ ಇಲ್ಲಿದ್ದದ್ದು 8.2ಕೆ ರೆಸಿಸ್ಟರ್), ಅದರ ಮೇಲೆ 1ಕೆ, ಆಮೇಲೆ 9 ವೋಲ್ಟ್. ಟ್ರಿಮ್‌ಪಾಟ್ ಮತ್ತು 1ಕೆ ಸೇರುವಲ್ಲಿಂದ 0.01 ಮೈಕ್ರೋಫ್ಯಾರಡ್ ಮೂಲಕ 500ಕೆ ವಾಲ್ಯೂಮ್ ಪಾಟ್‌ಗೆ. ಮೂಲದಲ್ಲಿ 1ಕೆ ಜಾಗದಲ್ಲಿ 470 ಓಮ್ ಇತ್ತು, ಅದರಲ್ಲಿ ಸದ್ದು ಸಣ್ಣ.

ಮೂಲದ 8.2ಕೆಯನ್ನೇ ಹಾಕಿದರೆ ಏನಾಗುತ್ತದೆ? ಸಿಲಿಕಾನ್‌ನಲ್ಲಿ ಎರಡನೆಯ ಎಮಿಟರ್ ಸುಮಾರು 0.7 ವೋಲ್ಟ್‌ನಲ್ಲಿ ನಿಲ್ಲುತ್ತದೆ, 1ಕೆ ಪಾಟ್‌ನಲ್ಲಿ 0.7 ಮಿಲಿಆಂಪ್ ಹರಿಯುತ್ತದೆ. 8.2ಕೆಯಲ್ಲೇ ಸುಮಾರು 5.7 ವೋಲ್ಟ್ ಇಳಿದು, ಎರಡನೆಯ ಕಲೆಕ್ಟರ್ ಮೂರು ವೋಲ್ಟ್‌ನ ಕೆಳಗೆ ಕೂರುತ್ತದೆ. ಬೇಕಾದ್ದು 4.5 ವೋಲ್ಟ್‌ನ ಆಸುಪಾಸು. ಟ್ರಿಮ್‌ಪಾಟ್ ತಿರುಗಿಸಿ ಅಲ್ಲಿಗೆ ತನ್ನಿ, ಆಮೇಲೆ ಕಿವಿಗೆ ಬಿಡಿ. ತೀರಾ ಆಚೀಚೆ ಹೋದರೆ ಸ್ವರದ ಬಾಲ ಕತ್ತರಿಸಿದಂತೆ ತಟಕ್ಕನೆ ನಿಲ್ಲುತ್ತದೆ. ಕೆಲವರಿಗೆ ಅದೇ ರುಚಿ. ಟ್ರಿಮ್‌ಪಾಟ್ ಎಷ್ಟು ತಿರುಗಿಸಿದರೂ ಕಲೆಕ್ಟರ್ 9 ವೋಲ್ಟ್‌ನಿಂದ ಕದಲದಿದ್ದರೆ ಕಾಲು ಅದಲುಬದಲಾಗಿದೆ, ಇಲ್ಲವೇ ಬೆಸುಗೆ ಹಿಡಿದಿಲ್ಲ.

ರೇಡಿಯೋ ಕೇಳಿಸಿದರೆ ಅಥವಾ ಕೀರಲು ಶುರುವಾದರೆ ಗೇನ್ ಅತಿಯಾಗಿದೆ. ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್–ಬೇಸ್ ನಡುವೆ 100 ಪಿಕೋಫ್ಯಾರಡ್ ಹಾಕಿ. ಸ್ವಿಚ್ ತುಳಿದಾಗ ಟಪ್ ಎಂದರೆ ಇನ್‌ಪುಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಮ್. ಪ್ಲಾಸ್ಟಿಕ್ ಡಬ್ಬ ಗುಂಯ್‌ಗುಟ್ಟುತ್ತದೆ. ಅಲ್ಯೂಮಿನಿಯಂ ತಗೊಂಡು ಅದನ್ನು ಗ್ರೌಂಡ್‌ಗೆ ಜೋಡಿಸಿ. ಸ್ಟೀಲ್ ಟಿಫಿನ್ ಡಬ್ಬವೂ ಆದೀತು, ತೂತು ಕೊರೆಯುವ ತಾಳ್ಮೆ ಇದ್ದರೆ. ಇನ್‌ಪುಟ್‌ಗೆ ಸ್ಟೀರಿಯೋ ಜ್ಯಾಕ್ ಹಾಕಿ ಬ್ಯಾಟರಿಯ ಮೈನಸ್ಸನ್ನು ರಿಂಗ್‌ಗೆ ಕೊಡಿ, ಕೇಬಲ್ ಕಿತ್ತರೆ ಬ್ಯಾಟರಿ ಆಫ್. ಅಂದಹಾಗೆ ಸರ್ಕ್ಯೂಟ್ ತಿನ್ನುವುದು 1 ಮಿಲಿಆಂಪ್‌ನಷ್ಟು, 4.7ಕೆ ಹಾಕಿದ ಎಲ್‌ಇಡಿ ಅದಕ್ಕಿಂತ ಹೆಚ್ಚು ತಿನ್ನುತ್ತದೆ.

ನುಡಿಸುವಾಗ ಗಿಟಾರ್ ಕೇಬಲ್ ನೇರ ಇದಕ್ಕೇ ಬರಲಿ. ಇದರ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಬಹಳ ಕಡಿಮೆ, ಹಾಗಾಗಿ ಪಿಕಪ್ ಮತ್ತು ಗಿಟಾರ್‌ನ ವಾಲ್ಯೂಮ್ ಗುಂಡಿ ಸರ್ಕ್ಯೂಟ್‌ನ ಭಾಗವೇ ಆಗಿಬಿಡುತ್ತವೆ. ಫಜ್ ಪೂರ್ತಿ ಏರಿಸಿ, ಗಿಟಾರ್ ವಾಲ್ಯೂಮ್ 10ರಿಂದ 7ಕ್ಕೆ ಇಳಿಸಿ ನೋಡಿ: ಒರಟು ಕರಗಿ ತಂತಿಯ ಮಿಂಚು ಹೊರಬರುತ್ತದೆ. ನಡುವೆ ಬಫರ್ (ಗಿಟಾರನ್ನು ಮುಂದಿನ ಸರ್ಕ್ಯೂಟ್‌ನಿಂದ ಬೇರ್ಪಡಿಸುವ ಘಟ್ಟ) ಇರುವ ಟ್ಯೂನರ್ ಇಟ್ಟರೆ ಈ ಆಟ ಹೋಯಿತು, ಉಳಿಯುವುದು ಜೇನುನೊಣದ ಕಿರಿಕಿರಿ. ವಾ ಪೆಡಲ್ (ಕಾಲಲ್ಲಿ ಒತ್ತಿ ದನಿಯನ್ನು 'ವಾ' ಎನ್ನಿಸುವುದು) ಫಜ್‌ಗಿಂತ ಮೊದಲು ಇಟ್ಟರೆ ಅದರ ಸ್ವೀಪ್, ಅಂದರೆ ದನಿಯ ಏರಿಳಿತ, ಸಾಯುತ್ತದೆ. ಫಜ್‌ನ ನಂತರಕ್ಕೆ ಸರಿಸಿ.