ಸೀಮೆಸುಣ್ಣದಲ್ಲಿ ಪೊಲ್ಟಾವಾ

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದರೆ ಹಳೆಯ ವಿದ್ಯಾರ್ಥಿಗಳೆಲ್ಲ ಕ್ಯಾಂಟೀನು, ಹಾಸ್ಟೆಲು, ವಾರ್ಷಿಕೋತ್ಸವ ಎಂದು ಬರೆಯುತ್ತಾರೆ. ನಾನು ಒಂದು ಯುದ್ಧದ ಬಗ್ಗೆ ಬರೆಯುತ್ತೇನೆ. ಈಗಿನ ಉಕ್ರೇನಿನ ಪೊಲ್ಟಾವಾ ಊರಿನ ಹೊರಗೆ 1709ರಲ್ಲಿ ನಡೆದದ್ದು. ನಮ್ಮ ಇತಿಹಾಸದ ಮೇಷ್ಟ್ರು ಅದನ್ನು ಪಾಠ ಮಾಡಿದ ಮೇಲೆ ಬೇರೆ ಯಾವ ಯುದ್ಧವೂ ನನಗೆ ಅಷ್ಟು ಹತ್ತಿರ ಅನ್ನಿಸಲಿಲ್ಲ.

ಪಠ್ಯದಲ್ಲಿ ಇದ್ದದ್ದು ಬರೀ ಎರಡು ಸಾಲು. ರಷ್ಯಾದ ಪೀಟರ್ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸನನ್ನು ಸೋಲಿಸಿದ, ರಷ್ಯಾ ದೊಡ್ಡ ಶಕ್ತಿಯಾಯಿತು. ಪರೀಕ್ಷೆಗೆ ಅಷ್ಟು ಸಾಕಿತ್ತು. ಮೇಷ್ಟ್ರಿಗೆ ಸಾಲಲಿಲ್ಲ.

ಅವರು ಶುರು ಮಾಡಿದ್ದು ರಾಜರಿಂದ ಅಲ್ಲ, ಗಾಡಿಗಳಿಂದ. 1708ರಲ್ಲಿ ಲೆವೆನ್‌ಹಾಪ್ಟ್ ಎಂಬ ಸೇನಾಪತಿ ರೀಗಾ ಕಡೆಯಿಂದ ಸಾವಿರಾರು ಗಾಡಿಗಳಲ್ಲಿ ದವಸ, ಮದ್ದು, ಗುಂಡು ಹೇರಿಕೊಂಡು ಚಾರ್ಲ್ಸನ ಸೈನ್ಯದ ಕಡೆ ಹೊರಟಿದ್ದ. ಲೆಸ್ನಾಯಾ ಎಂಬಲ್ಲಿ ಪೀಟರ್ ದಾರಿಯಲ್ಲೇ ಅಡ್ಡಗಟ್ಟಿದ. ಗಾಡಿಗಳೆಲ್ಲ ಹೋದವು. ಲೆವೆನ್‌ಹಾಪ್ಟ್ ರಾಜನನ್ನು ಸೇರಿದ್ದು ಉಳಿದ ಸೈನಿಕರ ಜೊತೆ, ಬರಿಗೈಲಿ. ಹಿಂದೆಯೇ ಬಂದದ್ದು ಯೂರೋಪು ಕಂಡರಿಯದ ಚಳಿಗಾಲ. ವೆನಿಸ್ಸಿನ ಹಿನ್ನೀರೂ ಹೆಪ್ಪುಗಟ್ಟಿತಂತೆ. ಸ್ವೀಡನ್ನಿನವರಿಗೆ ಚಳಿ ಹೊಸದಲ್ಲ, ಆದರೂ ಹಿಮಕ್ಕೆ ಸಿಕ್ಕಿ ಸತ್ತ ಬೆರಳು, ಕಾಲುಗಳನ್ನು ಕತ್ತರಿಸುವುದೇ ವೈದ್ಯರ ಕೆಲಸವಾಯಿತು. "ನೋಡ್ರಪ್ಪಾ, ಯುದ್ಧ ಸೋತಾಗಿದೆ. ಇನ್ನು ಜಾಗ ಗೊತ್ತಾಗಬೇಕು, ಅಷ್ಟೇ" ಎಂದರು ಮೇಷ್ಟ್ರು. ಈಗ ನನ್ನ ಸಂಬಳ ಬರುವುದೇ ಗೋದಾಮು, ಲಾರಿಗಳಿಂದ. ಲೋಡು ತಡವಾದಾಗಲೆಲ್ಲ ಲೆವೆನ್‌ಹಾಪ್ಟ್ ನೆನಪಾಗುತ್ತಾನೆ.

ಹಾಗಂತ ಸ್ವೀಡನ್ನಿನ ಸೈನ್ಯ ಸಾಮಾನ್ಯದ್ದಲ್ಲ. 1700ರಲ್ಲಿ ನಾರ್ವಾದಲ್ಲಿ, ಹಿಮ ಬೀಸುವಾಗಲೇ ನುಗ್ಗಿ, ತಮಗಿಂತ ಎಷ್ಟೋ ದೊಡ್ಡದಾಗಿದ್ದ ರಷ್ಯನ್ ಸೈನ್ಯವನ್ನು ಚಿಂದಿ ಮಾಡಿದ್ದರು. ದೂರದಿಂದ ಗುಂಡು ಹಾರಿಸುತ್ತಾ ನಿಲ್ಲುವುದು ಅವರ ಪದ್ಧತಿಯಲ್ಲ. ತೀರಾ ಹತ್ತಿರ ಹೋಗಿ ಒಂದೇ ಸಲ ಹಾರಿಸಿ, ಆಮೇಲೆ ಕತ್ತಿ, ಈಟಿ ಹಿಡಿದು ಮೇಲೆ ಬೀಳುವುದು. ನಾರ್ವಾದಲ್ಲಿ ತೋಪುಗಳನ್ನೆಲ್ಲ ಕಳೆದುಕೊಂಡ ಪೀಟರ್ ಚರ್ಚಿನ ಗಂಟೆಗಳನ್ನು ಕರಗಿಸಿ ಹೊಸ ತೋಪು ಎರಕ ಹೊಯ್ಯಿಸಿದ. ಒಂಬತ್ತು ವರ್ಷ ಸುಮ್ಮನೆ ಕೂರಲಿಲ್ಲ.

ಯುದ್ಧದ ದಿನದ ಪಾಠ ನಡೆದದ್ದು ಮೇಜಿನ ಮೇಲೆ. ಎಲ್ಲರನ್ನೂ ಮುಂದಕ್ಕೆ ಕರೆದರು. ಆರು ಸೀಮೆಸುಣ್ಣದ ತುಂಡು ಅಡ್ಡಸಾಲಿಗೆ, ನಾಲ್ಕು ಅದರ ನಡುವಿನಿಂದ ನಮ್ಮ ಕಡೆಗೆ ಚಾಚಿಕೊಂಡು. ಇವು ಪೀಟರ್ ಕಟ್ಟಿಸಿದ ಪುಟ್ಟ ಮಣ್ಣಿನ ಕೋಟೆಗಳು. ಮುಂದಿನ ಎರಡು ಕೋಟೆಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ಆ ತುಂಡುಗಳನ್ನು ಅರ್ಧಕ್ಕೆ ಮುರಿದು ಇಟ್ಟರು! ಡಸ್ಟರು ಸ್ವೀಡನ್ನಿನ ಸೈನ್ಯ. ಹದಿನೆಂಟು ಬೆಟಾಲಿಯನ್ ಕಾಲಾಳು, ಜೊತೆಗೆ ಬರೀ ನಾಲ್ಕು ತೋಪು. ಎದುರಿಗೆ ಎಪ್ಪತ್ತಕ್ಕೂ ಜಾಸ್ತಿ. ಕತ್ತಲಲ್ಲೇ ಕೋಟೆಗಳನ್ನು ದಾಟಿ ಮುಂದೆ ಹೋಗಿಬಿಡಬೇಕು ಎಂಬುದು ಯೋಜನೆ. ಆದರೆ ಹೊರಡುವಷ್ಟರಲ್ಲಿ ಬೆಳಕು ಹರಿಯಿತು. ದಂಡನಾಯಕ ರೆನ್‌ಶೋಲ್ಡ್‌ಗೂ ಕಾಲಾಳುಗಳ ಹೊಣೆ ಹೊತ್ತ ಲೆವೆನ್‌ಹಾಪ್ಟ್‌ಗೂ ಮಾತೇ ಸರಿಯಿರಲಿಲ್ಲ. ಯೋಜನೆ ಏನು ಎಂದು ಕೆಳಗಿನವರಿಗೆ ಸರಿಯಾಗಿ ತಿಳಿಸಿರಲೂ ಇಲ್ಲ. ರೂಸ್ ಎಂಬ ಅಧಿಕಾರಿ ಮೂರನೆಯ ಕೋಟೆಗೆ ಮತ್ತೆ ಮತ್ತೆ ಹಣೆ ಚಚ್ಚಿಕೊಳ್ಳುತ್ತಾ ಆರು ಬೆಟಾಲಿಯನ್ನಿನೊಂದಿಗೆ ಹಿಂದೆಯೇ ಉಳಿದ. ಜಾತ್ರೆಯಲ್ಲಿ ಮಗು ಕಳೆದುಕೊಂಡವರ ಹಾಗೆ ಉಳಿದವರು ಅವನನ್ನು ಹುಡುಕಿಸುತ್ತಾ ಹೊತ್ತು ಕಳೆದರು. ಅವನು ಬರಲೇ ಇಲ್ಲ, ಶರಣಾದ. ಕೊನೆಗೆ ನಾಲ್ಕು ಸಾವಿರದಷ್ಟು ಕಾಲಾಳುಗಳು ಪೀಟರನ ನಲವತ್ತೆರಡು ಬೆಟಾಲಿಯನ್ನಿನ ಮೇಲೆ ನಡೆದುಕೊಂಡು ಹೋದರು. ಮೇಷ್ಟ್ರು ಡಸ್ಟರನ್ನು ಎತ್ತಿ ಪಕ್ಕಕ್ಕಿಟ್ಟರು. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು.

ಚಾರ್ಲ್ಸ್ ಇದನ್ನೆಲ್ಲ ನೋಡಿದ್ದು ಡೋಲಿಯಲ್ಲಿ ಮಲಗಿಕೊಂಡು. ಕೆಲವೇ ದಿನ ಮುಂಚೆ, ಇಪ್ಪತ್ತೇಳು ತುಂಬಿದ ಹುಟ್ಟುಹಬ್ಬದ ದಿನವೇ, ಕಾಲಿಗೆ ಗುಂಡು ಬಿದ್ದಿತ್ತು.

"ಸರ್, ತಾರೀಕು ಯಾವುದು ಬರೆಯೋದು?" ಎಂದು ಒಬ್ಬ ಕೇಳಿದ. ಮೇಷ್ಟ್ರ ಮುಖ ಅರಳಿತು. ಹಳೆಯ ಕ್ಯಾಲೆಂಡರು ಇಟ್ಟುಕೊಂಡಿದ್ದ ರಷ್ಯನ್ನರಿಗೆ ಅದು ಜೂನ್ 27, ಸ್ವೀಡನ್ನಿನವರಿಗೆ ಜೂನ್ 28, ಈಗಿನ ಕ್ಯಾಲೆಂಡರಿಗೆ ಜುಲೈ 8. ಅಧಿಕ ದಿನಗಳನ್ನು, ಅಂದರೆ ಫೆಬ್ರವರಿ 29ಗಳನ್ನು, ಒಂದೊಂದಾಗಿ ಬಿಟ್ಟು ಹೊಸ ಕ್ಯಾಲೆಂಡರಿಗೆ ಸೇರೋಣ ಎಂದು ಸ್ವೀಡನ್ ಹೊರಟಿತ್ತು. 1700ರಲ್ಲಿ ಒಂದು ದಿನ ಬಿಟ್ಟಿತು, ಆಮೇಲೆ ಬಿಡಲಿಲ್ಲ. ಹೀಗಾಗಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೊನೆಗೆ ಹಳೆಯದಕ್ಕೇ ಮರಳಲು 1712ರಲ್ಲಿ ಫೆಬ್ರವರಿ 30 ಅಂತ ಒಂದು ದಿನವನ್ನೇ ಮಾಡಿಕೊಂಡರು. "ಪರೀಕ್ಷೇಲಿ ಜುಲೈ 8 ಅಂತ ಬರಿ. ಮೂರೂ ಗೊತ್ತಿರಲಿ."

ಗೆದ್ದ ಪೀಟರ್ ಸೆರೆಸಿಕ್ಕ ಸೇನಾಪತಿಗಳನ್ನು ಊಟಕ್ಕೆ ಕೂರಿಸಿ, ಯುದ್ಧ ಕಲಿಸಿದ ತನ್ನ ಗುರುಗಳಿಗೆಂದು ಮದ್ಯದ ಬಟ್ಟಲು ಎತ್ತಿದನಂತೆ. ಗುರುಗಳು ಯಾರು ಎಂದರೆ, ನೀವೇ ಎಂದನಂತೆ. ಹಾಗಾದರೆ ಗುರುದಕ್ಷಿಣೆ ಚೆನ್ನಾಗಿಯೇ ಸಲ್ಲಿಸಿದ್ದೀರಿ ಎಂದು ಆ ಕಡೆಯಿಂದ ಉತ್ತರ. ಇದನ್ನು ಹೇಳಿದ ಮೇಷ್ಟ್ರೇ "ಕಥೆ ಅಂತಲೇ ಬರ್ಕೊಳ್ಳಿ" ಎಂದೂ ಸೇರಿಸಿದರು.

ನನಗೆ ಹೆಚ್ಚು ಇಷ್ಟವಾದದ್ದು ಆಮೇಲಿನ ಭಾಗ. ಚಾರ್ಲ್ಸ್ ನದಿ ದಾಟಿ ತುರ್ಕಿ ಸುಲ್ತಾನನ ನೆಲಕ್ಕೆ ಓಡಿದ. ಹಿಂದೆ ಉಳಿದ ಸೈನ್ಯ ಮೂರೇ ದಿನದಲ್ಲಿ ಪೆರೆವೊಲೊಚ್ನಾದಲ್ಲಿ ಶರಣಾಯಿತು. ಕೈದಿಗಳಲ್ಲಿ ಎಷ್ಟೋ ಜನರನ್ನು ಸೈಬೀರಿಯಾಕ್ಕೆ ಕಳಿಸಿದರು. ತೊಬೊಲ್ಸ್ಕ್ ಊರಲ್ಲಿ ಅವರು ಶಾಲೆ ತೆರೆದರು. ಅವರಲ್ಲಿ ಸ್ಟ್ರಾಲೆನ್‌ಬರ್ಗ್ ಎಂಬವನು ಅಲ್ಲೆಲ್ಲ ಓಡಾಡಿ ನಕ್ಷೆ ಬರೆದ. ಊರಿಗೆ ಮರಳಿದ ಮೇಲೆ, 1730ರಲ್ಲಿ, ಅದನ್ನು ಪುಸ್ತಕದೊಂದಿಗೆ ಅಚ್ಚು ಹಾಕಿಸಿದ. ಯೂರೋಪು, ಏಷ್ಯಾಗಳ ಗಡಿ ಉರಲ್ ಬೆಟ್ಟಸಾಲು ಎಂದು ಮೊದಲು ಹೇಳಿದವರಲ್ಲಿ ಅವನೂ ಒಬ್ಬ. ಮೇಷ್ಟ್ರು ನಮ್ಮ ಅಟ್ಲಾಸ್ ಬಿಚ್ಚಿಸಿ ಆ ಗೆರೆಯ ಮೇಲೆ ಬೆರಳಿಡಿಸಿದರು.

ಆ ವಾರವಿಡೀ ಭೂಗೋಳದ ಮೇಷ್ಟ್ರು ನಮ್ಮನ್ನು ಕಂಡಾಗಲೆಲ್ಲ "ಏನ್ರಪ್ಪಾ, ನನ್ನ ಪಾಠಾನೂ ಅವರೇ ಮುಗಿಸಿಬಿಟ್ರಂತೆ, ಇನ್ನು ನಾನ್ಯಾಕೆ?" ಎಂದು ರೇಗಿಸುತ್ತಿದ್ದರು.