40 ಎಚ್‌ಪಿ ದೋಣಿ ಬಿಟ್ಟು 9.9 ಹಿಡಿದೆವು, ಪ್ರವಾಸ ಉಳಿಯಿತು

ಬಾಡಿಗೆ ದೋಣಿ ತಗೊಂಡು ನೀವೇ ಓಡಿಸಿಕೊಂಡು ಸರೋವರ ಸುತ್ತುವ ಯೋಚನೆ ಇದ್ದರೆ, ಮೊದಲು ದೋಣಿಯ ಹಿಂಬದಿಗೆ ಹೋಗಿ ನಿಂತುಕೊಳ್ಳಿ. ನಾವು ಮುಂದಿನಿಂದ ನೋಡಿ ಮೋಸ ಹೋದೆವು. ಹೊಳೆಯುವ ಬಿಳಿ ಫೈಬರ್ ದೋಣಿ, 17 ಅಡಿ ಉದ್ದ, ಮೆತ್ತನೆ ಸೀಟು, ಮೇಲೊಂದು ಬಟ್ಟೆಯ ಚಪ್ಪರ. ಹಿಂದೆ 40 ಎಚ್‌ಪಿ ಮೋಟರು. ಬಾಡಿಗೆ ಚಿಕ್ಕ ದೋಣಿಯ ಎರಡೂವರೆ ಪಟ್ಟು. ಆರು ಜನ ಇದ್ದೀವಲ್ಲ, ದೊಡ್ಡದೇ ಇರಲಿ ಅಂದುಕೊಂಡೆವು.

ನಾನು, ನನ್ನ ಹೆಂಡತಿ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಒಟ್ಟು ಐದು ದಿನ. ಆ ಐದು ದಿನದಲ್ಲಿ ನಾಲ್ಕು ಬಗೆಯ ದೋಣಿ ಓಡಿಸಿದೆವು. ಯಾವ ನೀರಿಗೆ ಹೋದರೂ ಬಾಡಿಗೆಗೆ ಸಿಗುವುದು ಹೆಚ್ಚುಕಮ್ಮಿ ಇವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಗದ್ದಲ ಆಗುವುದಿಲ್ಲ. ಜನ ತುಂಬಿದ ಜೆಟ್ಟಿ, ಅಬ್ಬರದ ಇಂಜಿನ್ ಎರಡೂ ನನಗೆ ಬೇಡ. ಜೊಂಡಿನ ಪಕ್ಕ ನಿಧಾನಕ್ಕೆ ಹೋಗುತ್ತಾ ಹಕ್ಕಿ ನೋಡುವುದೇ ನನಗೆ ಪ್ರವಾಸ. ವೇಗ ಬೇಕು ಅನ್ನುವವರು ನನ್ನ ಮಾತನ್ನು ಅದಕ್ಕೆ ತಕ್ಕಂತೆ ತೂಗಿ ನೋಡಿ.

ಮೊದಲ ದಿನ ಬೆಳಿಗ್ಗೆ ಹೊರಟೆವು. ಸರೋವರದ ಆಚೆ ತುದಿ ಮುಟ್ಟಿ ಬರುವುದು ಲೆಕ್ಕ. ಭಾವ ಆಕ್ಸಿಲರೇಟರ್ ಪೂರ್ತಿ ಕೊಟ್ಟರು. ಸದ್ದು ಬಂತು, ಹೊಗೆ ಬಂತು, ವೇಗ ಬರಲಿಲ್ಲ. ದೋಣಿಯ ಮೂತಿ ಆಕಾಶ ನೋಡುತ್ತಿತ್ತು, ಹಿಂಬದಿ ನೀರಲ್ಲಿ ಹೂತು ಕೂತಿತ್ತು. ಸ್ಟಿಯರಿಂಗ್ ಹಿಡಿದ ಭಾವನಿಗೆ ಮುಂದೆ ಏನಿದೆ ಅಂತಲೇ ಕಾಣುತ್ತಿರಲಿಲ್ಲ.

ಯಾಕೆ ಹೀಗೆ? ಇಂಥ ದೋಣಿ ಓಡುವುದು ಎರಡೇ ರೀತಿ. ಒಂದೋ ನೀರನ್ನು ಸೀಳಿಕೊಂಡು ನಿಧಾನಕ್ಕೆ ಹೋಗಬೇಕು. ಇಲ್ಲವೇ ನೀರಿನ ಮೇಲಕ್ಕೆ ಏರಿ ಜಾರಬೇಕು. 17 ಅಡಿ ದೋಣಿ ಸೀಳಿಕೊಂಡು ಆರಾಮವಾಗಿ ಹೋಗುವ ವೇಗ ಗಂಟೆಗೆ ಸುಮಾರು 10 ಕಿ.ಮೀ. ಅದರಾಚೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಭಾರ ಜಾಸ್ತಿ ಆದರೆ ಹತ್ತಲು ಆಗುವುದಿಲ್ಲ, ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಪೆಟ್ರೋಲ್ ಮಾತ್ರ ಪೂರ್ತಿ ಕುಡಿಯುತ್ತದೆ. ನಮ್ಮ ದೋಣಿಯ ಪ್ರೊಪೆಲ್ಲರ್ ಕೂಡ ಖಾಲಿ ದೋಣಿಯನ್ನು ಜೋರಾಗಿ ಓಡಿಸುವಂಥದ್ದು. ಅದರ ಎಲೆಗಳ ತಿರುವು ಜಾಸ್ತಿ, ಅಂದರೆ ಪಿಚ್ ಜಾಸ್ತಿ. ಆರು ಜನರನ್ನು ಹೊತ್ತಾಗ ಅದು ಟಾಪ್ ಗೇರಿನಲ್ಲಿ ಏರು ಹತ್ತಿಸಿದ ಹಾಗೆ.

ಇಪ್ಪತ್ತು ನಿಮಿಷ ಆಗಿರಬಹುದು. ನಾನು ಹಿಂದೆ ಕೂತಿದ್ದೆ. ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಇಂಥ ಔಟ್‌ಬೋರ್ಡ್ ಮೋಟರಿನ ಪಕ್ಕದಿಂದ ಬೆರಳು ದಪ್ಪಕ್ಕಿಂತ ಸಣ್ಣಗೆ ಒಂದು ನೀರಿನ ಧಾರೆ ಸದಾ ಚಿಮ್ಮುತ್ತಿರುತ್ತದೆ. ಮೋಟರ್ ಸರೋವರದ ನೀರನ್ನೇ ಹೀರಿ ತಣ್ಣಗಾಗುತ್ತದೆ. ಆ ನೀರು ಒಳಗೆ ಸುತ್ತುತ್ತಿದೆ ಅನ್ನುವುದಕ್ಕೆ ಈ ಧಾರೆಯೇ ಗುರುತು. ಕೈ ಒಡ್ಡಿದರೆ ಉಗುರುಬೆಚ್ಚಗೆ ಇರುತ್ತದೆ. ನೋಡನೋಡುತ್ತಿದ್ದಂತೆ ಆ ಧಾರೆ ಸೊರಗಿತು. ಹನಿಹನಿಯಾಯಿತು. ನಿಂತೇ ಹೋಯಿತು.

"ಭಾವ, ಆಫ್ ಮಾಡಿ! ನೀರು ಬರ್ತಿಲ್ಲ!"

ತಕ್ಷಣ ನಿಲ್ಲಿಸಿದರು. ಮೋಟರನ್ನು ಮೇಲಕ್ಕೆತ್ತಿದೆವು. ಪ್ರೊಪೆಲ್ಲರಿನ ಮೇಲ್ಗಡೆ, ಮೋಟರಿನಿಂದ ನೀರಿಗೆ ಇಳಿಯುವ ಕಾಲಿನ ಎರಡೂ ಬದಿ ನೀರು ಹೀರುವ ಸಣ್ಣ ಜಾಲರಿ ಇರುತ್ತದೆ. ಅದರ ಸುತ್ತ ಒಂದು ತೆಳು ಪ್ಲಾಸ್ಟಿಕ್ ಚೀಲ ಚರ್ಮದ ಹಾಗೆ ಅಂಟಿಕೊಂಡಿತ್ತು. ಬಿಡಿಸಿ ಬಕೆಟ್ಟಿಗೆ ಹಾಕಿದೆವು. ಮತ್ತೆ ಸ್ಟಾರ್ಟ್ ಮಾಡಿದಾಗ ಮೊದಲು ಬಿಸಿ ನೀರು ಉಗುಳಿತು, ಆಮೇಲೆ ಧಾರೆ ಸರಿಹೋಯಿತು. ಇನ್ನೈದು ನಿಮಿಷ ಗಮನಿಸದೆ ಇದ್ದಿದ್ದರೆ ಪಿಸ್ಟನ್ ಕಚ್ಚಿಕೊಂಡು ನಡು ನೀರಲ್ಲಿ ಕೂರಬೇಕಿತ್ತು. ದೋಣಿ ಓಡಿಸುವವರು ಮುಂದೆ ನೋಡುತ್ತಿರುತ್ತಾರೆ. ಹಾಗಾಗಿ ಹಿಂದೆ ಕೂತ ಒಬ್ಬರಿಗೆ ಈ ಧಾರೆ ನೋಡುವ ಕೆಲಸ ಒಪ್ಪಿಸಿ. ಒಂದು ತೆಳು ತಂತಿ ತುಂಡೂ ಜೊತೆಗಿರಲಿ. ಕೆಲವೊಮ್ಮೆ ಧಾರೆ ಬರುವ ತೂತಿನಲ್ಲೇ ಮರಳು ಕೂತಿರುತ್ತದೆ, ಚುಚ್ಚಿದರೆ ಸಾಕು.

ಅಷ್ಟರಲ್ಲಿ ಟ್ಯಾಂಕ್ ನೋಡಿದರೆ ಆಗಲೇ ಸುಮಾರು ಕಾಲು ಭಾಗ ಖಾಲಿ. "ದಿನವಿಡೀ ಸಾಕು" ಅಂತ ಹೇಳಿ ಕಳಿಸಿದ್ದ 25 ಲೀಟರಿನ ಟ್ಯಾಂಕ್ ಅದು. 40 ಎಚ್‌ಪಿ ಮೋಟರ್ ಪೂರ್ತಿ ಓಟದಲ್ಲಿ ಗಂಟೆಗೆ 15 ಲೀಟರ್ ಸುಡುತ್ತದೆ, ಹಳೇ ಟು-ಸ್ಟ್ರೋಕ್ ಆದರೆ ಇನ್ನೂ ಜಾಸ್ತಿ. ಆಚೆ ತುದಿಯ ಆಸೆ ಬಿಟ್ಟು ಹಿಂದೆ ತಿರುಗಿದೆವು. ವಾಪಸ್ ಬರುವಾಗ ಅಕ್ಕನಿಗೆ ಒಂದು ಉಪಾಯ ಹೊಳೆಯಿತು. ಹಿಂದೆ ಪೇರಿಸಿದ್ದ ಚೀಲಗಳನ್ನೆಲ್ಲ ಮುಂದಕ್ಕೆ ಹಾಕಿಸಿದಳು, ನನ್ನನ್ನೂ ನನ್ನ ಹೆಂಡತಿಯನ್ನೂ ಮುಂದೆ ಕೂರಿಸಿದಳು, ಧಾರೆ ಕಾಯಲು ದೊಡ್ಡ ಮಗಳನ್ನು ಹಿಂದೆ ಬಿಟ್ಟಳು. ಮೂತಿ ಇಳಿಯಿತು, ದೋಣಿ ಎದ್ದು ಜಾರತೊಡಗಿತು! ಬಾಡಿಗೆ ಕೊಟ್ಟವನು ಹೊರಡುವ ಮೊದಲು ಹೇಳಬೇಕಾಗಿದ್ದ ಮಾತು ಇದು.

ದಡಕ್ಕೆ ಬಂದಾಗ ಪೆಟ್ರೋಲಿಗೆ ಬೇರೆ ಲೆಕ್ಕ ಅಂದರು. ಮೇಲೆ, ಪ್ರೊಪೆಲ್ಲರಿಗೆ ಗೀರು ಬಿದ್ದಿದೆ ಅಂತ ಇನ್ನಷ್ಟು ಕಿತ್ತುಕೊಂಡರು. ನಾವು ಎಲ್ಲೂ ತಳ ಮುಟ್ಟಿಸಿರಲಿಲ್ಲ. ಆ ಗೀರು ತುಕ್ಕಿನಂತೆ ಮಾಸಿ ಹಳೆಯದಾಗಿತ್ತು. ಆದರೆ ನಮ್ಮ ಹತ್ತಿರ ಫೋಟೋ ಇರಲಿಲ್ಲ. ಹೊರಡುವ ಮುಂಚೆ ಮೋಟರ್ ಎತ್ತಿಸಿ ಪ್ರೊಪೆಲ್ಲರಿನ ಪ್ರತಿ ಎಲೆ, ಅದರ ಕೆಳಗಿನ ರೆಕ್ಕೆ, ದೋಣಿಯ ತಳ, ಎಲ್ಲದರ ಫೋಟೋ ತೆಗೆಯಿರಿ. ಬಾಡಿಗೆಯವರ ಎದುರಲ್ಲೇ ತೆಗೆಯಿರಿ.

ಇದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ಮೋಟರ್ ಓಡಿಸುವವರ ಕೈಗೆ ಅಥವಾ ಜಾಕೆಟ್ಟಿಗೆ ಸಿಕ್ಕಿಸುವ ಕೆಂಪು ಸುರುಳಿ ದಾರ ಇರುತ್ತದಲ್ಲ, ಆಯ ತಪ್ಪಿ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ನಮ್ಮ ದೋಣಿಯಲ್ಲಿ ಆ ದಾರವೇ ಇರಲಿಲ್ಲ. ಕ್ಲಿಪ್ ಜಾಗಕ್ಕೆ ಒಂದು ತುಂಡು ಹಗ್ಗ ಬಿಗಿದು ಕಟ್ಟಿದ್ದರು. ಬಿದ್ದವರ ಸುತ್ತಲೇ ದೋಣಿ ಗಿರಕಿ ಹೊಡೆದು ಪ್ರೊಪೆಲ್ಲರ್ ತಾಗಿ ಜೀವ ಹೋಗಬಹುದು. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಈ ದಾರ ಬಳಸುವುದು ಕಡ್ಡಾಯ. ನೀವಿರುವ ಕಡೆ ನಿಯಮ ಇರಲಿ ಬಿಡಲಿ, ದಾರ ಇಲ್ಲದ ದೋಣಿಯನ್ನು ಮುಟ್ಟಬೇಡಿ. ನಮ್ಮ ಮಕ್ಕಳನ್ನು ಅಂಥ ದೋಣಿಯಲ್ಲಿ ಕೂರಿಸಿದೆವಲ್ಲ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೇರೆ ದಡಕ್ಕೆ ಹೋದೆವು. ಅಲ್ಲಿ ಜನ ಕಮ್ಮಿ. ಸಿಕ್ಕಿದ್ದು 14 ಅಡಿಯ ಅಲ್ಯೂಮಿನಿಯಂ ದೋಣಿ. ಬಣ್ಣ ಹೋಗಿತ್ತು, ಬದಿಯಲ್ಲಿ ತಗ್ಗುಗಳಿದ್ದವು, ಕೂರಲು ಬರೀ ಅಡ್ಡಪಟ್ಟಿ. ಹಿಂದೆ 9.9 ಎಚ್‌ಪಿಯ ಫೋರ್-ಸ್ಟ್ರೋಕ್ ಮೋಟರು, ಕೈಯಲ್ಲೇ ಹಿಡಿದು ತಿರುಗಿಸುವ ಹಿಡಿಕೆ. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಎರಡನೇ ಎಳೆತಕ್ಕೆ ಹತ್ತಿಕೊಂಡಿತು. ಹತ್ತಿಕೊಂಡಿದೆ ಅಂತ ಗೊತ್ತಾಗಲು ನಾನು ಆ ಧಾರೆಯನ್ನೇ ನೋಡಬೇಕಾಯಿತು, ಅಷ್ಟು ಮೆತ್ತಗಿನ ಸದ್ದು.

ಈ ದೋಣಿಯನ್ನು ಎಷ್ಟು ಹೊಗಳಿದರೂ ನನಗೆ ಸಾಲದು. ಮೂರು ಜನ ಕೂತು ಪಿಸುಮಾತಿನಲ್ಲಿ ಹರಟಬಹುದಿತ್ತು. ಟು-ಸ್ಟ್ರೋಕಿನ ಹಾಗೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ ಇಲ್ಲ. 50ಕ್ಕೆ 1ರ ಲೆಕ್ಕ, ಅಂದರೆ 25 ಲೀಟರಿಗೆ ಅರ್ಧ ಲೀಟರ್ ಎಣ್ಣೆ, ಮರೆತರೆ ಇಂಜಿನ್ ಹಾಳು ಅನ್ನುವ ಆತಂಕ ಇಲ್ಲ. ತಳ ಚಪ್ಪಟೆ, ಹಾಗಾಗಿ ಮಕ್ಕಳು ಅತ್ತಿತ್ತ ಸರಿದರೂ ತಟ್ಟನೆ ವಾಲುವುದಿಲ್ಲ. ನೀರು ಆಳವಿಲ್ಲದ ಕಡೆ ಮೋಟರನ್ನು ಸ್ವಲ್ಪ ಎತ್ತಿ, ಹುಟ್ಟು ಹಾಕಿಕೊಂಡು ಜೊಂಡಿನ ಸಂದಿಗೆ ನುಗ್ಗಬಹುದು. ನುಗ್ಗಿದೆವು ಕೂಡ. ಒಂದು ನೇರಳೆ ಕೊಕ್ಕರೆ ಎರಡು ಮಾರು ದೂರದಲ್ಲಿ ನಿಂತಿತ್ತು, ಹಾರಲಿಲ್ಲ. ಸಂಜೆಯವರೆಗೆ ಸುತ್ತಿದರೂ 9 ಲೀಟರ್ ಪೆಟ್ರೋಲ್ ಆಗಲಿಲ್ಲ.

9.9 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದರು. ಎಷ್ಟೋ ಕೆರೆ ಸರೋವರಗಳಲ್ಲಿ 10 ಎಚ್‌ಪಿ ಮೀರಿದ ಮೋಟರ್ ಬಿಡುವುದಿಲ್ಲ. ಆ ಗೆರೆ ದಾಟದಿರಲಿ ಅಂತ ಕಂಪನಿಗಳು 9.9 ಮಾಡುತ್ತವೆ.

ದೋಷವೂ ಇದೆ, ಹೇಳಲೇಬೇಕು. ಮಧ್ಯಾಹ್ನದ ಮೇಲೆ ಗಾಳಿ ಎದ್ದಾಗ ಚಪ್ಪಟೆ ತಳ ಪ್ರತಿ ಅಲೆಗೂ ತಮಟೆ ಬಡಿದಂತೆ ಬಡಿಯುತ್ತದೆ, ಬೆನ್ನು ನೋಯುತ್ತದೆ. ಅಂಥ ನೀರಿಗೆ ವಿ ಆಕಾರದ ತಳವೇ ಮೇಲು. ಹಾಗಾಗಿ ವಿಶಾಲ ನೀರನ್ನು ಬೆಳಿಗ್ಗೆಯೇ ದಾಟಿಬಿಡಿ, ಮಧ್ಯಾಹ್ನ ದಡದ ಮರೆಯಲ್ಲಿರಿ.

ಆಮೇಲೆ ಓಡಿಸಿದ ಬ್ಯಾಟರಿ ಮೋಟರಿನ ದೋಣಿಯನ್ನು ನನ್ನ ಹೆಂಡತಿ ಬಹಳ ಇಷ್ಟಪಟ್ಟಳು. ಸದ್ದೇ ಇಲ್ಲ. ಆದರೆ ಲೆಕ್ಕ ಗೊತ್ತಿರಲಿ. 12 ವೋಲ್ಟಿನ, 55 ಪೌಂಡ್ ತಳ್ಳುವ ಮೋಟರ್ ಪೂರ್ತಿ ಕೊಟ್ಟರೆ 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ ಒಂದೇ ಗಂಟೆ. ನಿಧಾನಕ್ಕೆ ಹೋದರೆ ನಾಲ್ಕೈದು ಗಂಟೆ ಬರುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಂದು ಬಿಡುತ್ತದೆ. ನಾವು ಉಲ್ಟಾ ಮಾಡಿ ಕೊನೆಯ ಅರ್ಧ ಗಂಟೆ ಹುಟ್ಟು ಹಾಕಿದೆವು.

ರಬ್ಬರ್ ದೋಣಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಳಿ ಬಂದರೆ ಎಲೆಯಂತೆ ಸರಿಯುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಕಾರಿನ ಡಿಕ್ಕಿಯಲ್ಲಿ ಒಯ್ಯಬೇಕಾದವರಿಗೆ ಸರಿ. ಅದಕ್ಕೆ ಹಾಕಿದ ಮೋಟರಿನ ಕಾಲು ಸರಿ ಉದ್ದದ್ದೇ ಅಂತ ಮಾತ್ರ ನೋಡಿ. ಗಿಡ್ಡ ಕಾಲು, ಮೋಟರ್ ಸಿಕ್ಕಿಸುವ ಹಿಂಬದಿ ಹಲಗೆ 15 ಇಂಚು ಎತ್ತರ ಇರುವ ದೋಣಿಗೆ, ಉದ್ದ ಕಾಲು 20 ಇಂಚಿನದಕ್ಕೆ. ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಒಂದಿಂಚು ಕೆಳಗೆ ಇರಬೇಕು. ನಮಗೆ ಕೊಟ್ಟಿದ್ದು ಉದ್ದ ಕಾಲು, ಎರಡು ಸಲ ಕೆಸರಿಗೆ ತಾಗಿತು.

ಮೋಟರ್ ಹತ್ತು ನಿಮಿಷ ಓಡಿ ತಾನಾಗಿ ನಿಂತರೆ ಗಾಬರಿಯಾಗಬೇಡಿ. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಬಿಡುವ ಸಣ್ಣ ತಿರುಪು ಇರುತ್ತದೆ. ಅದು ಮುಚ್ಚಿದ್ದರೆ ಪೈಪಿನ ನಡುವಿನ ರಬ್ಬರ್ ಉಂಡೆ ಚಪ್ಪಟೆಯಾಗಿರುತ್ತದೆ. ತಿರುಪು ಸಡಿಲಿಸಿ, ಉಂಡೆ ಗಟ್ಟಿಯಾಗುವ ತನಕ ಹಿಸುಕಿ, ಮತ್ತೆ ಎಳೆಯಿರಿ.

ಕೊನೆಯ ದಿನ ಅದೇ ಜನ ಕಮ್ಮಿ ಇರುವ ದಡಕ್ಕೆ ಹೋಗಿ 9.9ರ ಎರಡು ದೋಣಿ ತಗೊಂಡೆವು, ಒಂದೊಂದರಲ್ಲಿ ಮೂರು ಜನ. ಎರಡರ ಬಾಡಿಗೆ ಸೇರಿಸಿದರೂ ಆ ಬಿಳಿ ದೋಣಿಯಷ್ಟು ಆಗಲಿಲ್ಲ. ಒಂದರ ಮೋಟರ್ ಕೆಟ್ಟರೆ ಇನ್ನೊಂದು ಎಳೆದು ತರಬಹುದು ಅನ್ನುವ ಧೈರ್ಯವೂ ಇತ್ತು. ಇಂಥ ದೋಣಿಗಳು ಬೇಗ ಖಾಲಿಯಾಗುತ್ತವೆ, ಹಿಂದಿನ ಸಂಜೆಯೇ ಹೇಳಿಡಿ. ಕೆಂಪು ದಾರ ಎರಡಕ್ಕೂ ಇದೆಯಾ ಅಂತ ಆಗಲೇ ಕೇಳಿ.