ಬಸ್ಸಿನ ಪ್ರಶ್ನೆ ಯಾರಿಗೆ ಕೇಳಬೇಕು?

ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ನಿನಲ್ಲಿ ಸ್ಥಳೀಯ ಚುನಾವಣೆ ಬಂದಾಗಲೆಲ್ಲ ಗೆಳೆಯರು ಮೇಯರ್ ಯಾರಾಗುತ್ತಾರೆ ಎಂದೇ ಚರ್ಚಿಸುತ್ತಾರೆ. ನನಗೆ ಅದಕ್ಕಿಂತ, ನಗರವೂ ಸುತ್ತಲಿನ ಊರುಗಳೂ ಸೇರಿದ ಪ್ರದೇಶಕ್ಕೆ ಅದೇ ಚುನಾವಣೆಯಲ್ಲಿ ಆರಿಸುವ ಪ್ರಾದೇಶಿಕ ಮಂಡಳಿಯದೇ ಚಿಂತೆ. ಬಸ್ ಲೇನ್, ರಸ್ತೆ ನಗರ ಮಂಡಳಿಯ ಕೈಯಲ್ಲಿವೆ, ನಿಜ. ಆದರೆ ಬಸ್ಸು ಯಾವ ಬೀದಿಗೆ ಬರಬೇಕು, ಎಷ್ಟು ಹೊತ್ತಿಗೊಮ್ಮೆ ಬರಬೇಕು, ಟಿಕೆಟ್ ಎಷ್ಟು ಎಂದು ತೀರ್ಮಾನಿಸುವುದು ಪ್ರಾದೇಶಿಕ ಮಂಡಳಿ.

2018ರ ಜುಲೈಯಲ್ಲಿ ಅದು ನಗರದ ಬಸ್ ಮಾರ್ಗಗಳನ್ನು ಒಂದೇ ಏಟಿಗೆ ಬದಲಿಸಿತು. ನೇರ ಬಸ್ಸಿದ್ದ ಬಡಾವಣೆಗಳ ಜನ ನಡುವೆ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಾಯಿತು. ಹಾಗೆ ಬಸ್ಸು ಬದಲಿಸುವ ಕೆಲವು ತಾಣಗಳಲ್ಲಿ ತಂಗುದಾಣದ ಕೆಲಸವೇ ಮುಗಿದಿರಲಿಲ್ಲ. ಚಳಿಗಾಲದ ಗಾಳಿಮಳೆಯಲ್ಲಿ ನಿಂತು ಕಾಯಬೇಕು! ಕೋಪ ಮರುವರ್ಷದ ಚುನಾವಣೆಯವರೆಗೂ ಆರಲಿಲ್ಲ. ನಕ್ಷೆಯ ಮೇಲೆ ಚೆಂದ ಕಾಣುವ ಯೋಜನೆಯನ್ನು ಮೊಣಕಾಲು ನೋವಿನ ಅಜ್ಜಿಯೊಬ್ಬರ ಜೊತೆ ಒಮ್ಮೆ ಪ್ರಯಾಣಿಸಿ ಪರೀಕ್ಷಿಸಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ಭಾರತದ ಪಾಸ್‌ಪೋರ್ಟ್ ಇದ್ದರೂ, ರೆಸಿಡೆಂಟ್ ವೀಸಾ ಪಡೆದು ಇಲ್ಲಿ ಒಂದು ವರ್ಷ ನೆಲೆಸಿದ ಕನ್ನಡಿಗರು ಹೆಸರು ನೋಂದಾಯಿಸಿ ಮತ ಹಾಕಬಹುದು. ಎಷ್ಟೋ ಜನ ಅಂಚೆಯಲ್ಲಿ ಬರುವ ಮತಪತ್ರದ ಲಕೋಟೆಯನ್ನು ಒಡೆಯುವುದೇ ಇಲ್ಲ, ಬೇಸರವಾಗುತ್ತದೆ. ಮತಪತ್ರದ ಜೊತೆ ಬರುವ ಕಿರುಹೊತ್ತಗೆಯಲ್ಲಿ ಪ್ರತಿ ಅಭ್ಯರ್ಥಿಗೂ 150 ಪದಗಳ ಮಿತಿಯಲ್ಲಿ ತನ್ನ ಮಾತು ಹೇಳಲು ಅವಕಾಶವಿದೆ. ‘ಉತ್ತಮ ಸಾರಿಗೆ’ ಎಂದಷ್ಟೇ ಬರೆದವರನ್ನು ನಾನು ಮತಪತ್ರದ ಪ್ರಾಶಸ್ತ್ಯ ಕ್ರಮದಲ್ಲಿ ಕೆಳಗಿಡುತ್ತೇನೆ. ರಾತ್ರಿ ಪಾಳಿ ಮುಗಿಸಿದ ನರ್ಸ್‌ಗೆ, ಭಾನುವಾರ ಕೆಲಸಕ್ಕೆ ಹೋಗುವವರಿಗೆ ಬಸ್ಸು ಹೇಗೆ, ಅದಕ್ಕೆ ಹಣ ಎಲ್ಲಿಂದ ಎಂದು ಹೇಳಿದವರಿಗೆ 1, 2, 3 ಎಂದು ಪ್ರಾಶಸ್ತ್ಯ ಕೊಡುತ್ತೇನೆ.